ಮುಚ್ಚಳದ ಒಳಗಿನ ಹೆಸರು

ಉಪ್ಪಲ್, ಹೈದರಾಬಾದ್
೧೪ ನವೆಂಬರ್ ೨೦೦೪, ಭಾನುವಾರ

ಸೌಭಾಗ್ಯವತಿ ಶಿವದೇವಿಗೆ,

ಗಂಡನಾದವನು ಮೊದಲು ಆಶೀರ್ವಾದ ಬರೆಯಬೇಕಂತೆ. ಸದ್ಯಕ್ಕೆ ನಿನಗೆ ಆಶೀರ್ವಾದ ಮಾಡುವ ಯೋಗ್ಯತೆ ನನಗಿಲ್ಲ. ಆದ್ದರಿಂದ ಕ್ಷೇಮ ಕೇಳಿ ಸುಮ್ಮನಾಗುತ್ತೇನೆ. ನಿನ್ನ ಅಣ್ಣ ಅಮರಯ್ಯನವರು ಚಿಟಗುಪ್ಪದಲ್ಲಿ ನಿನಗೊಂದು ಹೊಲಿಗೆ ಯಂತ್ರ ಕೊಡಿಸಿದ್ದಾರೆಂದು ಊರಿನವರು ಹೇಳಿದರು. ನಾನು ಆರಾಮಾಗಿದ್ದೇನೆ. ಹೋಟೆಲ್ ಊಟ ಒಗ್ಗಿದೆ.

ಈ ಪತ್ರಕ್ಕೆ ಕಾರಣ ನಿನ್ನ ಹುಣಸೆಹಣ್ಣು. ಮಾದಾಪುರದಲ್ಲಿ ಸಾಫ್ಟ್‌ವೇರ್ ಕಂಪನಿ ಇಟ್ಟಿರುವ ಮೋಹನ ಸರ್ ನಿನಗೆ ನೆನಪಿರಬೇಕು, ಮರೆಯುವಂಥದ್ದೂ ಅಲ್ಲ. ಈಗ ಅವರು ಇನ್ನೊಂದು ಹಳೆಯ ವಿಲಾಯತಿ ಗಾಡಿ ಕೊಂಡು, ಇಂಜಿನ್ ನಮ್ಮ ಶೆಡ್ಡಿಗೆ ಕಳಿಸಿದ್ದಾರೆ. ಅದರ ಮೇಲಿನ ಮುಚ್ಚಳ ಅಲ್ಯುಮಿನಿಯಂ, ಅಂದರೆ ನಮ್ಮ ಕಡೆಯ ಜರ್ಮನ್ ಪಾತ್ರೆಯ ಜಾತಿ. ನಲವತ್ತೈದು ವರ್ಷದ ಎಣ್ಣೆ ಕಪ್ಪಾಗಿ ಅಂಟಿತ್ತು. ಕಾರ್ಖಾನೆಯಿಂದ ಬಂದಾಗ ಹೇಗಿತ್ತೋ ಹಾಗೆ ಬೆಳ್ಳಗಾದರೆ ಸಾಕು, ಕನ್ನಡಿಯಂತೆ ಹೊಳೆಯುವುದು ಬೇಡ ಎಂದರು. ನನ್ನ ಸ್ವಭಾವ ನಿನಗೆ ಗೊತ್ತಲ್ಲ, ಹೊಳೆಯದ್ದನ್ನು ನಾಲ್ಕು ಜನರಿಗೆ ತೋರಿಸಲು ನನಗೆ ಮನಸ್ಸಾಗುವುದಿಲ್ಲ. ಆದರೂ ಒಪ್ಪಿಕೊಂಡೆ.

ದೀಪಾವಳಿ ಹತ್ತಿರ ಬಂದಿತ್ತು. ಶೆಡ್ಡಿನವರೆಲ್ಲ ಊರಿನ ಬಸ್ಸಿನ ಮಾತಾಡುತ್ತಿದ್ದರು. ಎಂದು ಹೊರಡುತ್ತೀ ಎಂದು ನನ್ನನ್ನು ಒಬ್ಬರೂ ಕೇಳಲಿಲ್ಲ. ಆ ಗುಂಗಿನಲ್ಲಿ ಕಬ್ಬಿಣದ ಸಾಮಾನು ಅದ್ದುವ ಕಾಸ್ಟಿಕ್ ಸೋಡಾ ನೀರಿಗೆ ಆ ಮುಚ್ಚಳವನ್ನೂ ಅದ್ದಿ ಚಹಾಕ್ಕೆ ಹೋದೆ. ಅಲ್ಯುಮಿನಿಯಂಗೆ ಕಾಸ್ಟಿಕ್ ತಾಕಬಾರದೆಂದು ಇಪ್ಪತ್ತು ವರ್ಷದಿಂದ ಊರಿಗೆಲ್ಲ ಬುದ್ಧಿ ಹೇಳಿದವನು ನಾನೇ. ಬಂದು ನೋಡಿದರೆ ಹಂಚಿನ ತಳದಂತೆ ಕಪ್ಪಾಗಿತ್ತು. ಅಂಥ ಮುಚ್ಚಳ ಇನ್ನೊಂದು ಎಲ್ಲೂ ಸಿಗುವುದಿಲ್ಲ. ಸಾಣೆ ಹಿಡಿದರೆ ಕಪ್ಪಿನ ಜೊತೆ ಅದರ ಮೂಲದ ಮೈಯೂ ಹೋಗುತ್ತದೆ.

ಆಗ ನಿನ್ನ ಜರ್ಮನ್ ಪಾತ್ರೆ ನೆನಪಾಯಿತು. ಅದು ಕಪ್ಪಾದಾಗಲೆಲ್ಲ ನೀನು ಹುಣಸೆಹಣ್ಣು ಹಾಕಿ ನೀರು ಕುದಿಸುತ್ತಿದ್ದೆ, ಇದೇನು ಹಳ್ಳಿ ವಿದ್ಯೆ ಎಂದು ನಾನು ನಗುತ್ತಿದ್ದೆ. ಮದುವೆ ಸಾಮಾನಿನ ಅಂಗಡಿಯಿಂದ ಅಡುಗೆಯ ದೊಡ್ಡ ಡೇಗು ತಂದೆ. ಊರೆಲ್ಲ ದೀಪ ಹಚ್ಚಿದ ದಿನ ನಾನೊಬ್ಬನೇ ಶೆಡ್ಡಿನಲ್ಲಿ ಹುಣಸೆನೀರು ಕುದಿಸಿ, ನಾರಿನಿಂದ ಮೆಲ್ಲಗೆ ಉಜ್ಜಿದೆ. ಮೂರನೆಯ ಸಲಕ್ಕೆ ಕಪ್ಪು ಬಿಟ್ಟಿತು. ಒಳಗಿನಿಂದ ಬೂದುಬಣ್ಣದ ತಣ್ಣನೆಯ ಬಿಳುಪು ಬಂತು. ಹೊಳಪಿಲ್ಲ, ಆದರೆ ಕಣ್ಣು ಕೀಳಲು ಆಗಲಿಲ್ಲ. ತೋರಿಸೋಣವೆಂದು ತಿರುಗಿದರೆ ಯಾರೂ ಇರಲಿಲ್ಲ.

ನಿನ್ನೆ ಮೋಹನ ಸರ್ ನೋಡಿ ಬೆರಗಾದರು. ಈ ವಿದ್ಯೆ ಯಾರು ಕಲಿಸಿದರು ಎಂದು ಕೇಳಿದರು. ಮುಂಬಯಿಯ ಒಬ್ಬ ಉಸ್ತಾದ್ ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತು ನೋಡು. ಅವರ ಮುಂದೆ ನಿನ್ನನ್ನು ಮುಚ್ಚಿಟ್ಟದ್ದು ಇದು ಎರಡನೆಯ ಸಲ.

ಮೊದಲನೆಯದನ್ನು ಇಷ್ಟು ದಿನ ಸಣ್ಣ ಮಾತು ಎಂದೇ ಎಲ್ಲರಿಗೂ ಹೇಳಿಕೊಂಡು ಬಂದೆ. ಅವರ ಮೊದಲ ಗಾಡಿಯ ಪೂಜೆಗೆ ನೀನು ಇಳಕಲ್ ಸೀರೆ ಉಟ್ಟು, ಮಾದಲಿ ಮಾಡಿಕೊಂಡು ಬಂದಿದ್ದೆ. ಸೂಟು ಬೂಟಿನವರ ನಡುವೆ ಇವರು ಯಾರು ಎಂದು ಅವರು ಕೇಳಿದಾಗ, ನಮ್ಮ ಊರಿನ ಹೆಂಗಸು, ಅಡುಗೆಗೆ ಬಂದಿದ್ದಾಳೆ ಎಂದೆ. ಹಿಂದಿಯಲ್ಲಿ ಹೇಳಿದೆ. ನಿನಗೆ ಹಿಂದಿ ಬಾರದೆಂದು ತಿಳಿದಿದ್ದೆ. ದಿಲ್‌ಸುಖ್‌ನಗರದ ಸಂತೆಯಲ್ಲಿ ವರ್ಷಗಟ್ಟಲೆ ತರಕಾರಿ ಕೊಂಡವಳಿಗೆ ಅಷ್ಟು ಹಿಂದಿ ಬಾರದೇ ಇರುತ್ತದೆಯೇ? ಮರುದಿನ ನೀನು ಚೀಲ ಹಿಡಿದು ಬಾಗಿಲಲ್ಲಿ ನಿಂತು, "ಊರ ಹೆಂಗಸು ಊರಿಗೆ ಹೊಂಟಾಳ್ರಿ. ಅಡಗಿಗೆ ಬ್ಯಾರೆ ಯಾರನ್ನರ ನೋಡ್ಕೋರಿ" ಎಂದೆ. ನಾನು ತಡೆಯಲಿಲ್ಲ. ಎರಡು ದಿನಕ್ಕೆ ಬರುತ್ತೀ ಅಂದುಕೊಂಡೆ. ಎರಡು ವರ್ಷವಾಯಿತು.

ಹೋಟೆಲ್ ಊಟ ಒಗ್ಗಿಲ್ಲ, ಮೇಲೆ ಬರೆದದ್ದು ಸುಳ್ಳು. ಕೋಣೆಗೆ ಬಂದರೆ ಮಾತಾಡಲು ಯಾರೂ ಇಲ್ಲದೆ ರೇಡಿಯೋಗೆ ಉತ್ತರ ಕೊಡುತ್ತೇನೆ. ನಿನ್ನ ಪಾತ್ರೆ ಇಲ್ಲೇ ಇದೆ. ತವರಿನವರು ಚುಕ್ಕಿ ಚುಕ್ಕಿಯಾಗಿ ಹಾಕಿಸಿಕೊಟ್ಟ ನಿನ್ನ ಹೆಸರು ಅದರ ಕಂಠದ ಮೇಲೆ ಇನ್ನೂ ಮಾಸಿಲ್ಲ. ಮೋಹನ ಸರ್ ಹೋದ ಮೇಲೆ ಸಣ್ಣ ಉಳಿ ತೆಗೆದುಕೊಂಡು, ಅದನ್ನೇ ನೋಡಿಕೊಂಡು, ಇಂಜಿನ್ ಮುಚ್ಚಳದ ಒಳಮೈಗೆ ನಿನ್ನ ಹೆಸರು ಹಾಕಿದೆ. ಆಮೇಲೆ ಮುಚ್ಚಳ ಕೂರಿಸಿ ನಟ್ಟು ಬಿಗಿದೆ.

ಬಾ ಎಂದು ಬರೆಯುವ ಧೈರ್ಯ ಇನ್ನೂ ಬಂದಿಲ್ಲ.

ನಿನ್ನವನೇ ಎಂದು ನೀನು ಒಪ್ಪಿದರೆ,
ಕಾಶಿನಾಥ

ತಾ. ಕ.: ಮಂಗಳವಾರ. ಪತ್ರ ಎರಡು ದಿನ ಜೇಬಿನಲ್ಲೇ ಉಳಿಯಿತು. ಹೆಸರನ್ನು ಒಳಗಡೆ ಹಾಕಿದ್ದೂ ಅದೇ ಹಳೆಯ ನಾಚಿಕೆ ಎಂದು ತಡವಾಗಿ ತಿಳಿಯಿತು, ಎಣ್ಣೆಯೊಳಗೆ ಯಾರು ನೋಡುತ್ತಾರೆ? ಇವತ್ತು ಮೋಹನ ಸರ್ ಗೆಳೆಯರನ್ನು ಕರೆದುಕೊಂಡು ಇಂಜಿನ್ ನೋಡಲು ಬಂದಾಗ ಅವರೆಲ್ಲರ ಮುಂದೆ ನಟ್ಟು ಬಿಚ್ಚಿ, ಮುಚ್ಚಳ ತಿರುಗಿಸಿ ತೋರಿಸಿದೆ. ಇದು ನನ್ನ ಹೆಂಡತಿಯ ಹೆಸರು, ವಿದ್ಯೆಯೂ ಅವಳದೇ, ಅಂದು ನಿಮ್ಮ ಮುಂದೆ ಊರಿನ ಹೆಂಗಸು ಎಂದೆನಲ್ಲ, ಅವಳೇ ಎಂದೆ. ಹಿಂದಿಯಲ್ಲೇ ಹೇಳಿದೆ, ಶಿವದೇವಿ. ಅಲ್ಲಿದ್ದವರೆಲ್ಲ ಕೇಳಿಸಿಕೊಂಡರು, ನೀನೊಬ್ಬಳು ಇರಲಿಲ್ಲ.