ದೇಜಪ್ಪನ ಬೆರಳೇ ಮೀಟರ್

ಜುಲೈ 7, ಸೋಮವಾರ

ಘಾಲಾ. ಈ ಮರುಭೂಮಿಯ ಊರಲ್ಲಿ ಬೆಳಿಗ್ಗೆಯೇ ನಲವತ್ತೈದು ಡಿಗ್ರಿ. ಗ್ಯಾರೇಜಿಗೆ ಬಂದದ್ದು ಹಿಮದ ಮೇಲೆ ಓಡುವ ಸ್ನೋಮೊಬೈಲ್. ಯಾವುದೋ ಮಾಲ್‌ನ ಹಿಮದ ಪಾರ್ಕಿನದ್ದು. ಜನ ಬರುವ ಮೊದಲು ನೆಲ ಸಮ ಮಾಡಲಿಕ್ಕೆ. ಹತ್ತು ನಿಮಿಷ ಓಡಿದರೆ ಎಂಜಿನ್ ಕಾಯುತ್ತದಂತೆ. ಪಟ್ಟಿ ತಿರುಗುವಾಗ ಮೇಲೆ ಹಾರುವ ಹಿಮದ ಪುಡಿಯೇ ಈ ಗಾಡಿಯನ್ನು ತಣಿಸಬೇಕು. ಅಲ್ಲಿ ನೆಲ ಕಲ್ಲಿನಂಥ ಮಂಜುಗಡ್ಡೆ. ಪುಡಿ ಎಲ್ಲಿಂದ ಹಾರುತ್ತದೆ...

ಗಡ್ಡೆ ಕೆರೆದು ಪುಡಿ ಎಬ್ಬಿಸುವ ಕಡ್ಡಿ ಬೇಕು. ತರಿಸಿದರೆ ಒಂದೂವರೆ ತಿಂಗಳು. ನಾವೇ ಮಾಡುವ ಎಂದ ಫೋರ್‌ಮನ್ ಹಕೀಂ. ಗಾಡಿಯ ಹೀಟ್ ಮೀಟರ್ ಕೂಡ ಕೆಟ್ಟಿದೆ. ಅದಕ್ಕೇನು, ದೇಜಪ್ಪಣ್ಣನ ಬೆರಳೇ ಮೀಟರ್ ಎಂದು ಎಲ್ಲರೂ ನಕ್ಕರು. ಹತ್ತೊಂಬತ್ತು ವರ್ಷದ ಮಾತು ಅದು. ಪೈಪ್ ಮುಟ್ಟಿ ಅರವತ್ತು, ಎಂಬತ್ತು ಎಂದು ಹೇಳುವವ ನಾನು.

ನಾನೂ ನಕ್ಕೆ. ಎರಡು ತಿಂಗಳಿಂದ ಬಲಗೈ ಬೆರಳಿಗೆ ಏನೂ ತಿಳಿಯುವುದಿಲ್ಲ. ಹೆಂಡತಿ ವಿನೋದಾಳಿಗೂ ಹೇಳಿಲ್ಲ. ಗ್ಯಾರೇಜಿಗೆ ಗೊತ್ತಾದರೆ ಖಲಾಸ್ — ಊರಿಗೆ ಟಿಕೆಟ್.

ಜುಲೈ 9

ಹಳೆಯ ಗೇಟಿನ ಸುರುಳಿ ಸ್ಪ್ರಿಂಗ್ ಕತ್ತರಿಸಿದೆ. ಒಂದು ತುದಿ ನೇರ ಮಾಡಿ ಬಗ್ಗಿಸಿದೆ. ಲೇತ್‌ನಲ್ಲಿ ಉಕ್ಕು ಕೊರೆಯುವ ಸವೆದ ಬಿಟ್ ಒಡೆದು ಚೂರನ್ನು ತುದಿಗೆ ಬೆಸುಗೆ. ಎರಡು ಕಡ್ಡಿ, ಎಡಕ್ಕೊಂದು ಬಲಕ್ಕೊಂದು. ಕೋಳಿ ಕೆದಕಿದ ಹಾಗೆ ಕೆದಕಬೇಕಲ್ಲ — ಹಕೀಂ ಕೋಳಿಕಾಲು ಎಂದು ಹೆಸರಿಟ್ಟ.

ರಿವರ್ಸ್ ಹೋಗುವಾಗ ನೆಲಕ್ಕೆ ತಾಗಿದರೆ ಮುರಿಯುತ್ತದೆ. ಮೇಲೆತ್ತಿ ಸಿಕ್ಕಿಸಲಿಕ್ಕೆ ಕೊಕ್ಕೆಯನ್ನೂ ಕೂರಿಸಿದೆ. ಬೋಲ್ಟ್ ಮೂರು ಸಲ ಕೈಯಿಂದ ಬಿತ್ತು. ಬೆವರು ಎಂದೆ.

ಜುಲೈ 11, ಶುಕ್ರವಾರ

ರಜೆ. ಸುಮ್ಮನೆ ಕೂತೆ. ಅಜ್ಜಿಯ ಒಂದು ಕತೆ ನೆನಪಾಯಿತು. ಒಬ್ಬ ಕಬ್ಬಿಣದ ಆಚಾರಿ ಬೆಂಕಿ ತನ್ನನ್ನು ಸುಡಬಾರದೆಂದು ಭೂತದ ಹತ್ತಿರ ವರ ಕೇಳಿದ. ಸಿಕ್ಕಿತು. ಕೆಂಡ ಕೈಯಲ್ಲೇ ಹಿಡಿದು ಕತ್ತಿ ಬಡಿದ. ಊರೆಲ್ಲ ಹೊಗಳಿತು. ಒಂದು ದಿನ ಮಗುವಿಗೆ ಜ್ವರ. ಹಣೆ ಮುಟ್ಟಿ, ಏನಿಲ್ಲ, ಮಲಗಿಸು ಎಂದ.

ಅಜ್ಜಿ ಅಲ್ಲಿಗೇ ನಿಲ್ಲಿಸುತ್ತಿದ್ದಳು. ಮುಂದೇನು ಎಂದರೆ, ವೀಳ್ಯ ತಾ ಎನ್ನುತ್ತಿದ್ದಳು.

ಜುಲೈ 13, ಭಾನುವಾರ

ಪಾರ್ಕಿಗೆ ಹೋದೆವು. ಒಳಗೆ ಎಲ್ಲರೂ ಕೈ ಉಜ್ಜುತ್ತಿದ್ದರು, ಬೆರಳು ಸತ್ತುಹೋಯಿತು ಎನ್ನುತ್ತ. ಇಷ್ಟು ದಿನದಲ್ಲಿ ಮೊದಲ ಸಲ ನಾನೂ ಎಲ್ಲರ ಹಾಗೆ.

ಗಾಡಿಯನ್ನು ಪಿಕಪ್‌ನಿಂದ ರಿವರ್ಸ್‌ನಲ್ಲಿ ಇಳಿಸಿದೆವು. ಆಮೇಲೆ ಬಗ್ಗಿ ಕೊಕ್ಕೆ ಬಿಡಿಸಿದೆ. ಬಿಡಿಸಿದೆ ಎಂದುಕೊಂಡೆ. ಪಾರ್ಕಿನ ಸೂಪರ್‌ವೈಸರ್ ಅವಿಲ್ ಹದಿನೈದು ನಿಮಿಷ ಓಡಿಸಿ ನಿಲ್ಲಿಸಿದ.

"ಮೀಟರ್ ಎಂತ ಹೇಳ್ತದೆ?" ಎಂದ ಹಕೀಂ.

ಪೈಪ್ ಹಿಡಿದೆ. "ನಲವತ್ತು. ತಣ್ಣಗೆ ಉಂಟು."

ಅವಿಲ್ ಖುಷಿಯಲ್ಲಿ ಗೇಟು ತೆರೆಸಲು ಹೋದ. ಏನೋ ಸುಟ್ಟ ವಾಸನೆಗೆ ಹಕೀಂ ಮೂಗೆಳೆದ.

"ದೇಜಪ್ಪಣ್ಣ. ಕೈ ತೆಗೀರಿ."

ತೆಗೆದೆ. ಚರ್ಮ ಸ್ವಲ್ಪ ಪೈಪಿನಲ್ಲೇ ಉಳಿಯಿತು. ನೋವಿರಲಿಲ್ಲ. ಹಕೀಂ ಬಗ್ಗಿ ನೋಡಿದ. ಎರಡೂ ಕೋಳಿಕಾಲು ಮೇಲೆ ಕೊಕ್ಕೆಯಲ್ಲೇ ಇದ್ದವು.

"ಎಷ್ಟು ದಿನದಿಂದ ಮಾರಾಯ್ರೆ?"

ಎರಡು ತಿಂಗಳು ಎಂದೆ. ಅವನೇ ಕೊಕ್ಕೆ ಬಿಡಿಸಿದ. ಗಾಡಿ ತಣಿಯಲು ಬಿಟ್ಟು, ಮತ್ತೆ ತಾನೇ ಓಡಿಸಿದ. ಹಿಂದೆ ಬಿಳಿ ಪುಡಿ ಹಾರಿತು. ವಾಪಸು ಬಂದು ನನ್ನ ಎಡಗೈ ಹಿಡಿದು ಪೈಪಿನ ಮೇಲಿಟ್ಟ.

"ಈಗ ಹೇಳಿ."

ನಲವತ್ತು. ಈ ಸಲ ನಿಜವಾಗಿ.

ವಾಪಸು ಘಾಲಾ ಹತ್ತಿರ ಬಂದಾಗ ಹಕೀಂ, ಡಾಕ್ಟರ್ ಚೀಟಿ ತನ್ನಿ, ವೀಸಾ ಕೊಟ್ಟ ಕಫೀಲ್ ಹತ್ತಿರ ನಾನು ಮಾತಾಡ್ತೇನೆ ಎಂದ. ಏನು ಮಾತಾಡುತ್ತಾನೆಂದು ಕೇಳಲಿಲ್ಲ.

ಜುಲೈ 15

ಎಡಗೈಯಲ್ಲಿ ಬರೆಯುತ್ತಿರುವುದು. ಸುಟ್ಟ ಕೈ ಕಂಡ ವಿನೋದಾ ಅಲ್ ಖುವೈರ್‌ನ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಕಣ್ಣು ಮುಚ್ಚಿ, ಯಾವ ಬೆರಳಿಗೆ ಚುಚ್ಚಿದೆ ಹೇಳಿ ಎಂದರು ಡಾಕ್ಟರ್. ನಡುಬೆರಳು ಎಂದೆ. ಅವರು ಇನ್ನೂ ಚುಚ್ಚಿರಲೇ ಇಲ್ಲವಂತೆ.

ವಿನೋದಾ ನಗಲಿಲ್ಲ, ಬೈಯಲೂ ಇಲ್ಲ. ಕಾರಿನ ತನಕ ಪಕ್ಕದಲ್ಲೇ ನಡೆದಳು. ಬಾಗಿಲು ತೆರೆಯಲು ಹೋದಾಗ ನೋಡಿದೆ — ಅಷ್ಟು ದೂರವೂ ನನ್ನ ಬಲಗೈಯ ಬೆರಳು ಹಿಡಿದೇ ಇದ್ದಳು. ನನಗೆ ಗೊತ್ತೇ ಆಗಿರಲಿಲ್ಲ.