ಪೆಟ್ಟಿಗೆಯಲ್ಲಿ ಒಂದೇ ಅವರೆಕಾಳು

೧೯ ಏಪ್ರಿಲ್ ೧೬೪೪
ಮತ್ತೆ ಬೇಲಿ ಜಗಳ. ಹಂದಿ ಯಾರದು, ಮುರಿದ ಬೇಲಿ ಯಾರದು... ಎರಡು ಗಂಟೆ ಕೇಳಿದೆ. ಲಂಡನ್ನಿನ ಪಾರ್ಲಿಮೆಂಟಿನಲ್ಲಿ ರಾಜನ ಸುಂಕದ ವಿರುದ್ಧ ಎದ್ದು ನಿಂತವನು ನಾನು. ಈಗ ಕಡಲಾಚೆಯ ಈ ವಸಾಹತಿಗೆ ಗವರ್ನರ್. ಹಂದಿಗಳಿಗೆ ನ್ಯಾಯ ಹೇಳುತ್ತೇನೆ.

೨೪ ಏಪ್ರಿಲ್
ಹಡಗು ಬಂತು. ಸಫೋಕ್‌ನ ನಮ್ಮ ಹಳೆಯ ಊರಿನವರ ಪತ್ರ. ಅಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ. ನನ್ನ ಹಳೆಯ ಸ್ಥಾನ ಖಾಲಿ ಇದೆಯಂತೆ, ಬಾ ಎನ್ನುತ್ತಾರೆ. ಮೂರು ಸಲ ಓದಿದೆ. ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಹಡಗು ಮೇ ಹತ್ತಕ್ಕೆ ಹೊರಡುತ್ತದೆ.
ಹೆಂಡತಿ ಥಾಮಸಿನ್‌ಗೆ ಹೇಳಿದೆ. ಹಿಟ್ಟು ನಾದುವುದನ್ನು ಅವಳು ನಿಲ್ಲಿಸಲಿಲ್ಲ.
"ಮರ್ಸಿನ ಯಾರ ಹತ್ರ ಬಿಟ್ಟು ಹೋಗೋದು?" ಎಂದಳು.
ಮರ್ಸಿ ಹಿತ್ತಲಿನ ಸೇಬಿನ ಗಿಡದಡಿ ಮಲಗಿ ಮೂರು ವರ್ಷವಾಯಿತು. ತೀರಿಕೊಂಡಾಗ ಮಗಳಿಗೆ ಆರು ವರ್ಷ.

೨೭ ಏಪ್ರಿಲ್
ಥಾಮಸಿನ್ ಜೊತೆ ಒಪ್ಪಂದವಾಯಿತು. ಮೇ ಎಂಟಕ್ಕೆ ಚುನಾವಣೆ. ಜನ ನನ್ನನ್ನೇ ಆರಿಸಿದರೆ ಇನ್ನೊಂದು ವರ್ಷ ಇಲ್ಲೇ. ಬೇಡವೆಂದರೆ ಇಬ್ಬರೂ ಹಡಗು ಹತ್ತುವುದು. ನಾನಾಗಿಯೇ ಬಿಟ್ಟರೆ ಹೇಡಿ ಎನ್ನುತ್ತಾರೆ. ಸೋತು ಹೋದರೆ ಮಾನ ಉಳಿಯುತ್ತದೆ. ಎಂಥ ತಮಾಷೆ!

೩ ಮೇ
ಗಿರಣಿಯ ಒಬದಾಯ ಕ್ರೌಚ್ ದಾರಿಯಲ್ಲಿ ಸಿಕ್ಕ. ಭಾನುವಾರ ಹಿಟ್ಟು ಬೀಸಿದ್ದಕ್ಕೆ ಅವನ ಗಿರಣಿಗೆ ಬೀಗ ಹಾಕಿಸಿದ್ದೆ. ಅದನ್ನು ಅವನು ಮರೆತಿಲ್ಲ.
"ದೊರೆಗಳೇ, ಈ ಸಲ ನಿಮಗೆ ಜೋಳ ಇಲ್ಲ. ಒಳ್ಳೇ ಅವರೆಕಾಳು ಆರಿಸಿ ಇಟ್ಟಿದೀನಿ. ಅರ್ಧ ಊರೇ ಇಟ್ಕೊಂಡಿದೆ."
ಚುನಾವಣೆಯಲ್ಲಿ ಗವರ್ನರ್ ಬೇಕೆಂದವರು ಮತದ ಪೆಟ್ಟಿಗೆಗೆ ಜೋಳದ ಕಾಳು ಹಾಕುತ್ತಾರೆ, ಬೇಡವೆಂದವರು ಅವರೆ. ಮುಖ ಗಂಟಿಕ್ಕಿ ಕೇಳಿಸಿಕೊಂಡೆ. ಒಳಗೊಳಗೇ ಅವನನ್ನು ತಬ್ಬಿಕೊಳ್ಳಬೇಕೆನಿಸಿತು.

೬ ಮೇ
ಚುನಾವಣೆಯ ಹಿಂದಿನ ದಿನ ಮತದಾರರಿಗೆಲ್ಲ ನಮ್ಮಲ್ಲೇ ಊಟ. ಚಳಿಗಾಲ ಎಲ್ಲರ ಕಣಜವನ್ನೂ ಬರಿದು ಮಾಡಿದೆ. ಥಾಮಸಿನ್ ಬುಟ್ಟಿ ಹಿಡಿದು ಊಟಕ್ಕೆ ಕಾಳುಕಡಿ ಕೇಳುತ್ತಾ ಮನೆ ಮನೆ ತಿರುಗುತ್ತಿದ್ದಾಳೆ. ಹಡಗಿನಲ್ಲಿ ಬಂದ ಹಿಟ್ಟಿನ ಮೂಟೆ ಬಿಚ್ಚಿದ ಮೇಲೆ ಎರಡರಷ್ಟು ವಾಪಸು ಕೊಡುತ್ತಾಳಂತೆ. ಹೆಂಗಸರು ತಳ ಕೆರೆದು ಕೊಟ್ಟರು. ಸದ್ಯ, ಊಟ ಹಾಕುವುದಕ್ಕಾದರೂ ಮನಸ್ಸು ಮಾಡಿದಳಲ್ಲ ಎಂದು ಖುಷಿಯಾಯಿತು.

೭ ಮೇ
ಐವತ್ತು ಜನ ಉಂಡರು. ಹಂದಿಮಾಂಸ ಹಾಕಿ ಬೇಯಿಸಿದ ಅವರೆ. ಕ್ರೌಚ್ ಮೂರು ಸಲ ಬಡಿಸಿಕೊಂಡ.

೮ ಮೇ, ಬೆಳಿಗ್ಗೆ
ನಾನೂ ಮತ ಹಾಕಬೇಕಲ್ಲ. ಅಡುಗೆಮನೆಯ ತೊಲೆಗೆ ಕಟ್ಟಿದ ಬೀಜದ ಗಂಟಿನಿಂದ ಒಂದು ಅವರೆ ತೆಗೆದುಕೊಂಡೆ. ಕೆಂಪು ಚುಕ್ಕೆಯದು. ಈ ಗಂಟೊಂದನ್ನು ಥಾಮಸಿನ್ ಯಾಕೋ ಮಡಕೆಗೆ ಹಾಕಿರಲಿಲ್ಲ.

ಅದೇ ದಿನ, ಸಂಜೆ
ಸಭೆಯ ಬಾಗಿಲಲ್ಲಿ ಗಂಡಸರೆಲ್ಲ ಜೇಬು ತಡಕಾಡುತ್ತಿದ್ದರು. ಕ್ರೌಚ್ ಹಣೆ ಚಚ್ಚಿಕೊಂಡ. "ಆರಿಸಿ ಇಟ್ಟಿದ್ನೂ ನನ್ನ ಹೆಂಡ್ತಿ ನಿಮ್ಮನೆ ಬುಟ್ಟಿಗೆ ಸುರಿದಿದಾಳೆ ಸ್ವಾಮಿ! ಇಡೀ ಊರಲ್ಲಿ ಒಂದು ಕಾಳಿಲ್ಲ! ತಿಂದೋನೂ ನಾನೇ!"
ಥಾಮಸಿನ್ ಬುಟ್ಟಿ ಹಿಡಿದು ತಿರುಗಿದ್ದು ಯಾಕೆಂದು ಆಗ ತಿಳಿಯಿತು.
ಮತ ಹಾಕದಿದ್ದರೆ ದಂಡ, ಅವರ ಕೈಯಲ್ಲಿದ್ದದ್ದು ಜೋಳವೊಂದೇ. ಜೋಳ ನಲವತ್ತೊಂಬತ್ತು. ಅವರೆ ಒಂದು. ಟೋಪಿಗಳು ಹಾರಿದವು. ನನ್ನ ಕಣ್ಣಲ್ಲಿ ನೀರು ಬಂತು. ಸಂತೋಷಕ್ಕೆ ಎಂದುಕೊಂಡರು.

೯ ಮೇ
ಪ್ರಮಾಣವಚನ ಮುಗಿಯಿತು. ಮನೆಗೆ ಬಂದು ಕೇಳಿದೆ. "ಬೇಕಂತಲೇ ಮಾಡಿದೆ ಅಲ್ವಾ?"
"ಐವತ್ತು ಜನಕ್ಕೆ ಇನ್ನೇನು ನಿಮ್ಮ ಭಾಷಣ ಬಡಿಸ್ಬೇಕಿತ್ತಾ?"
ಸಿಟ್ಟು ಬಂತು. ಬೈಯಲಾಗಲಿಲ್ಲ. ನನ್ನ ಕೈಯೇನು ಚೊಕ್ಕಟವಾಗಿತ್ತೆ?

೧೩ ಮೇ
ಹಡಗು ಹೋಗಿ ಮೂರು ದಿನ. ಬಂದರಿನ ಕಡೆ ಹೋಗಿಲ್ಲ.
ಆ ಒಂದು ಅವರೆ ಹಾಕಿದವನು ಕ್ರೌಚ್ ಎಂದು ಊರೆಲ್ಲ ಗುಲ್ಲು. ಗಿರಣಿಗೆ ಯಾರೂ ಹೋಗುತ್ತಿಲ್ಲ. ಇವತ್ತು ಅವನೇ ಬಂದ. ದನಿ ಇಳಿದಿತ್ತು.
"ಹಾಕಿದ್ರೆ ಎದೆ ತಟ್ಕೊಂಡು ಹೇಳ್ತಿದ್ದೆ ಸ್ವಾಮಿ. ನಾನಲ್ಲ. ನನ್ನ ಹೆಂಡ್ತಿ ಜೊತೆ ಬಾವಿ ಹತ್ರ ಒಬ್ಬರೂ ಮಾತಾಡ್ತಿಲ್ಲ. ಯಾರ ಹಿತ್ತಲ ಕಾಳು ಅಂತ ಹುಡುಕಿಸಿ."
ಹುಡುಕಿಸುತ್ತೇನೆ ಎಂದೆ. ಥೂ, ನನ್ನ ಜನ್ಮಕ್ಕೆ.

೧೪ ಮೇ
ಊರಿನ ಗುಮಾಸ್ತ ಪೆಟ್ಟಿಗೆಯ ಆ ಕಾಳನ್ನು ಕಾಗದದಲ್ಲಿಟ್ಟುಕೊಂಡು ಮನೆ ಮನೆಗೆ ತೋರಿಸುತ್ತಾ ನಮ್ಮ ಬಾಗಿಲಿಗೂ ಬಂದ. ಥಾಮಸಿನ್ ತೆರೆದಳು. ನಾನು ಒಳಗೇ ಕೂತಿದ್ದೆ. ಅವಳು ಕಾಳನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು.
"ಇದನ್ನ ಬೆಳೆಯೋರು ಈ ಊರಲ್ಲಿ ಯಾರೂ ಇಲ್ಲ. ಹಡಗಿಂದು ಉದುರಿರ್ಬೇಕು. ಇಲ್ಲಿ ಕೊಡಪ್ಪ," ಎಂದಳು.
ಇಪ್ಪತ್ತು ವರ್ಷದಲ್ಲಿ ಅವಳ ಬಾಯಲ್ಲಿ ಸುಳ್ಳು ಕೇಳಿದ್ದು ಇದೇ ಮೊದಲು.
ಒಳಗೆ ಬಂದಳು. ತೊಲೆಯಿಂದ ಗಂಟು ಇಳಿಸಿದಳು. ಆ ಕಾಳನ್ನು ಅದರೊಳಗೆ ಸೇರಿಸಿ ಎಣಿಸಿದಳು. ಸರಿಯಾಯಿತು ಅನಿಸುತ್ತದೆ. ನನ್ನ ಕಡೆ ನೋಡದೆ ಹೇಳಿದಳು. "ಮರ್ಸಿ ನೆಟ್ಟಿದ್ದ ಬಳ್ಳಿದು. ಪ್ರತಿ ವರ್ಷ ಅವಳ ಹತ್ರಾನೇ ಬಿತ್ತುತೀನಿ. ನಿಮಗೆ ಗೊತ್ತಿರ್ಲಿಲ್ಲ ಅಲ್ವಾ?"
ಗೊತ್ತಿರಲಿಲ್ಲ. ಮೂರು ವರ್ಷದಿಂದ ನಾನು ಹಿತ್ತಲಿಗೇ ಹೋಗಿಲ್ಲ.
ಟೋಪಿ ಹಾಕಿಕೊಂಡಿದ್ದೇನೆ. ಆ ಕಾಳು ಹಾಕಿದವನು ನಾನೇ ಎಂದು ಕ್ರೌಚ್‌ನ ಮನೆಗೆ ಹೋಗಿ ಹೇಳಿಬಿಡಬೇಕು, ಊರಿಗೂ ಹೇಳಬೇಕು. ಕಿಟಕಿಯಾಚೆ ಥಾಮಸಿನ್ ಕಾಣುತ್ತಾಳೆ. ಸೇಬಿನ ಗಿಡದಡಿ ಮಂಡಿಯೂರಿ ಒಬ್ಬಳೇ ಮಣ್ಣು ಕೆದಕುತ್ತಿದ್ದಾಳೆ. ಮೊದಲು ಅಲ್ಲಿಗೆ—