ಬದನಿ ಸಸಿ ಕಡೆ ಫ್ಯಾನು

ಏನ್ರೀ,

ನಾ ಮ್ಹಾಪಸಾ ಸಂತಿಗೆ ಹೊಂಟೇನಿ. ರೊಟ್ಟಿ, ಪಲ್ಯ ಮುಚ್ಚಿಟ್ಟೇನಿ.

ಬುಡ ಆರಲಿ ಅಂತ ಫ್ಯಾನು ಬದನಿ ಸಸಿ ಕಡೆ ತಿರುಗಿಸೇನಿ. ರಾತ್ರಿಪಾಳಿ ಮುಗಿಸಿ ದಣಿದು ಬರ್ತೀರಿ, ಖರೇ. ಆದ್ರೂ ಪೂರಾ ನಿಮ್ಮ ಕಡೆ ಎಳಕೋಬ್ಯಾಡ್ರಿ. ಸಸಿ ಟ್ರೇ ಪಕ್ಕದಾಗ ಚಾಪಿ ಹಾಸೇನಿ, ಅಲ್ಲೇ ಮಲಗ್ರಿ. ಅವಕ್ಕೂ ನಿಮಗೂ ಗಾಳಿ ಬರ್ತೈತಿ.

ನೀರಿನ ತಂಬಗಿ ಮಾತ್ರ ಮುಟ್ಟಬ್ಯಾಡ್ರಿ. ಮೊನ್ನಿ ನೀವು ಪ್ರೀತಿಲೆ ಸುರುವಿದ್ದಕ್ಕ, ಈ ಗೋವಾದ ಕುದಿಯೊಳಗ ಬುಡ ಕೊಳತು ಅರ್ಧ ಸಸಿ ಅಡ್ಡಬಿದ್ದವು. ನನಗ ಇನ್ನೂ ಸಿಟ್ಟು ಐತಿ.

ಬೆಳಗಿನ ಜಾವ ಕನಸು ಬಿದ್ದಿತ್ತು. ಖೋಲಿ ತುಂಬ ಬದನಿ ಹೂವು, ನಡುವ ನೀವು ನಿದ್ದಿ ಮಾಡಾಕತ್ತಿದ್ರಿ. ಫ್ಯಾನು ತಿರುಗಿದಂಗ ನೇರಳಿ ಬೆಳಕು ನಿಮ್ಮ ಮಾರಿ ಮ್ಯಾಲೆ ತೂಗಾಡತಿತ್ತು. ಎಬ್ಬಸಾಕ ಮನಸಾಗಲಿಲ್ಲ.

ಇಷ್ಟು ವರ್ಷ ಎಲ್ಲೇ ಇದ್ರೂ ಮೆಂತೆ, ಕೊತ್ತಂಬರಿ ಅಷ್ಟ ಹಾಕಿದ್ವಿ. ಮಾಲಕರು ಖೋಲಿ ಬಿಡ್ರಿ ಅನ್ನೂದ್ರೊಳಗ ಕಿತ್ತು ತಿನ್ನೂವಂಥವು. ಈ ಸಲ ಯಾರನ್ನೂ ಕೇಳದ, ಕಾಯಿ ಬಿಡಾಕ ತಿಂಗಳುಗಟ್ಟಲೆ ಬೇಕಾಗೂ ಬದನಿ ಹಾಕಿಬಿಟ್ಟೇನಿ.

ಸಂಜಿಕ ಮನಿ ಮಾಲಕರು ಖೋಲಿ ಬಾಡಿಗಿ ಕರಾರಿನ ಮಾತಾಡಾಕ ಬರ್ತಾರ. ನೀವೇನೂ ವಾದ ಮಾಡಬ್ಯಾಡ್ರಿ. ಒಳಗ ಕರದು ಕೂಡಸ್ರಿ, ಸಸಿ ತೋರಸ್ರಿ. ಬೇಕಾದ್ರ ಆಗ ಫ್ಯಾನು ಅವರ ಕಡೆ ತಿರುಗಿಸ್ರಿ.

ವಿದ್ಯಾ